ಕೆನ್ನೆ ಉರಿಯುವ ಚರ್ಮಕ್ಕೆ ಏನು ಹಚ್ಚಬೇಕು, ಏನು ಬಿಡಬೇಕು: ಸೋಮವಾರಪೇಟೆಯ ತಂಗಿಯ ಪ್ರಶ್ನೆಗೆ ಉತ್ತರ

ಸೋಮವಾರಪೇಟೆಯ ತಂಗಿ ನಿನ್ನೆ ಬರೆದದ್ದನ್ನು ಎರಡು ಸಲ ಓದಿದೆ. ಕಾಫಿ ಕೊಯ್ಲು ಶುರುವಾದಾಗಿನಿಂದ ಕೆನ್ನೆ ಕೆಂಪಾಗಿ ಉರಿಯುತ್ತಿದೆ, ಸೋಪು ಹಾಕಿದರೆ ಚರ್ಮ ಬಿಗಿಯುತ್ತದೆ, ವಿಟಮಿನ್ ಸಿ ಸೀರಮ್, ಗ್ಲೈಕೋಲಿಕ್ ಆಸಿಡ್, ಮನೆಯ ಕಿತ್ತಳೆ ಸಿಪ್ಪೆಯ ಪುಡಿ ಮೂರನ್ನೂ ಹಚ್ಚಿ ನೋಡಿದ್ದಾಯಿತು, ಏಪ್ರಿಲ್‌ನಲ್ಲಿ ತಮ್ಮನ ಮದುವೆ, ಅಷ್ಟರೊಳಗೆ ಯಾವ ಚಿಕಿತ್ಸೆ ಮಾಡಿಸಲಿ ಎಂದು ಕೇಳಿದ್ದೀರಿ. ಗುಂಪಿನಲ್ಲಿ ಒಬ್ಬರು ಪಾರ್ಲರಿನ ಬ್ಲೀಚ್ ಎಂದರು, ಇನ್ನೊಬ್ಬರು ಮೆಡಿಕಲ್ ಶಾಪಿನ ಕ್ರೀಮ್ ಒಂದನ್ನು ಹೇಳಿದರು. ತಂಗಿ, ದಯವಿಟ್ಟು ಈಗ ಹೊಸದೇನನ್ನೂ ಸೇರಿಸಬೇಡಿ. ಹಚ್ಚುತ್ತಿರುವ ಮೂರನ್ನೂ ಇಂದೇ ನಿಲ್ಲಿಸಿ.

ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟ್ರಾಲ್ ಮತ್ತು ಕೊಬ್ಬಿನ ಆಮ್ಲಗಳು ಇಟ್ಟಿಗೆಗಳ ನಡುವಿನ ಗಾರೆಯಂತೆ ತುಂಬಿಕೊಂಡಿರುತ್ತವೆ. ಆ ಗಾರೆ ಸವೆದಾಗ ಒಳಗಿನ ನೀರು ಆರಿಹೋಗುತ್ತದೆ, ಹೊರಗೆ ಹಚ್ಚಿದ್ದೆಲ್ಲ ಬೇಕಾದದ್ದಕ್ಕಿಂತ ಆಳಕ್ಕಿಳಿದು ಉರಿಸುತ್ತದೆ. ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ಲಿಟ್ಮಸ್ ಕಾಗದ ಅದ್ದಿ ನೋಡುವ, ತೋಟದ ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಹಾಕುವ ನಮಗೆ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ಹೊಸ ಮಾತಲ್ಲ. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5, ಸಾಮಾನ್ಯ ಸ್ನಾನದ ಸೋಪಿನದು 9ರಿಂದ 10, ನಿಂಬೆರಸದ್ದು ಸುಮಾರು 2. ಒಂದು ಅಂಕಿಯ ಅಂತರವೆಂದರೆ ಹತ್ತು ಪಟ್ಟು ವ್ಯತ್ಯಾಸವಾದ್ದರಿಂದ ಇವೆರಡೂ ಮುಖಕ್ಕೆ ಎಷ್ಟು ದೂರದ ವಸ್ತುಗಳೆಂದು ನೀವೇ ಲೆಕ್ಕ ಹಾಕಬಹುದು. ಇದರ ಮೇಲೆ ನಮ್ಮ ಚಳಿಗಾಲದ ಒಣಗಾಳಿ ಮತ್ತು ಬಚ್ಚಲೊಲೆಯ ಹಂಡೆಯಿಂದ ತೋಡಿ ಮುಖಕ್ಕೆ ಸುರಿದುಕೊಳ್ಳುವ ಬಿಸಿನೀರು ಸೇರುತ್ತವೆ. ಮೈಗೆ ಬಿಸಿನೀರು ಇರಲಿ, ಮುಖಕ್ಕೆ ಮಾತ್ರ ಉಗುರುಬೆಚ್ಚಗಿನ ನೀರು ಸಾಕು.

ಮುಂದಿನ ನಾಲ್ಕು ವಾರ ಮೂರೇ ವಸ್ತುಗಳಿರಲಿ. ಸೋಪಿನ ಅಂಶವಿಲ್ಲದ ಸೌಮ್ಯ ಕ್ಲೆನ್ಸರನ್ನು ಸಂಜೆ ಒಮ್ಮೆ ಬಳಸಿ, ಬೆಳಿಗ್ಗೆ ಬರಿಯ ನೀರಿನಿಂದ ತೊಳೆದರೆ ಸಾಕು. ಮುಖದ ಒದ್ದೆ ಪೂರ್ತಿ ಆರುವ ಮುನ್ನ ಸೆರಮೈಡ್ ಮತ್ತು ಗ್ಲಿಸರಿನ್ ಇರುವ ಮಾಯಿಶ್ಚರೈಸರ್ ಹಚ್ಚಿ. ಅದು ದುಬಾರಿಯೆನಿಸಿದರೆ ತೆಳುವಾಗಿ ಹಚ್ಚಿದ ಪೆಟ್ರೋಲಿಯಂ ಜೆಲ್ಲಿಯೂ ನೀರನ್ನು ಚೆನ್ನಾಗಿ ತಡೆಯುತ್ತದೆ, ಪರಿಮಳವಿಲ್ಲದ ಡಬ್ಬಿಯನ್ನೇ ಕೇಳಿ ತನ್ನಿ. ಮೂರನೆಯದು ಸನ್‌ಸ್ಕ್ರೀನ್. ಸಾವಿರ ಮೀಟರ್ ಎತ್ತರ ಏರಿದರೆ ಅತಿನೇರಳೆ ಕಿರಣಗಳು ಸುಮಾರು ಶೇ. 10ರಷ್ಟು ಹೆಚ್ಚುತ್ತವೆ, ನಾವಿರುವುದೇ ಅಂಥ ಎತ್ತರದಲ್ಲಿ. ಮೈ ತಂಪಾಗಿರುವುದರಿಂದ ಬಿಸಿಲು ತಾಗಿದ್ದೇ ಗೊತ್ತಾಗುವುದಿಲ್ಲ. ಉರಿಯುವ ಚರ್ಮಕ್ಕೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹೆಚ್ಚು ಹೊಂದುತ್ತದೆ. ಕಣದಲ್ಲಿ ಕಾಫಿ ಹರಡುವ ದಿನ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ, ತಲೆಗೆ ಅಗಲದ ಟೋಪಿ ಹಾಕಿಕೊಳ್ಳಿ.

ಕೊಳ್ಳುವಾಗ ಹಿಂಬದಿಯ ಸಣ್ಣಕ್ಷರಗಳನ್ನು ಓದಿ. ಪರ್ಫ್ಯೂಮ್ ಅಥವಾ ಫ್ರಾಗ್ರೆನ್ಸ್ ಎಂಬ ಪದವಿದ್ದರೆ ಅಲ್ಲೇ ಇಟ್ಟು ಬನ್ನಿ. ಅನ್‌ಸೆಂಟೆಡ್ ಎಂದು ಬರೆದದ್ದರಲ್ಲಿ ಬೇರೆ ವಾಸನೆಗಳನ್ನು ಮುಚ್ಚಲು ಪರಿಮಳ ಸೇರಿಸಿರಬಹುದು. ಫ್ರಾಗ್ರೆನ್ಸ್ ಫ್ರೀ ಎಂದಿದ್ದರೆ ಮೇಲು. ನೈಸರ್ಗಿಕ ಎಂಬ ಮಾತಿಗೂ ಮರುಳಾಗಬೇಡಿ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಾಳಿಗೆ ಒಡ್ಡಿಕೊಂಡ ಮೇಲೆ ಅಲರ್ಜಿ ತರುವ ವಸ್ತುವಾಗುತ್ತದೆ, ಪುಡಿಯ ತರಿ ಚರ್ಮವನ್ನು ಗೀರುವುದು ಬೇರೆ. ನಮ್ಮ ಕೊಡಗಿನ ಕಿತ್ತಳೆಯ ಮೇಲೆ ನನಗೆ ಪ್ರೀತಿ ಕಡಿಮೆಯಿಲ್ಲ, ಆದರೆ ಅದು ತಿನ್ನಲಿಕ್ಕಿರುವುದು.

ನಾಲ್ಕು ವಾರ ಉರಿಯಿಲ್ಲದೆ ಕಳೆದರೆ ಆಮೇಲೆ ಒಂದೇ ಒಂದನ್ನು ಸೇರಿಸಬಹುದು. ನಾನಾದರೆ ವಿಟಮಿನ್ ಬಿ3ಯ ರೂಪವಾದ ನಯಾಸಿನಮೈಡನ್ನು ಆರಿಸುತ್ತೇನೆ: ಶೇ. 2ರಿಂದ 5ರಷ್ಟು ಇದ್ದರೆ ಸಾಕು, ಶೇ. 10ರದ್ದು ಅನೇಕರಿಗೆ ಚುರುಗುಟ್ಟುತ್ತದೆ. ಕಲೆ ಅಥವಾ ಮೊಡವೆಯೂ ಇದ್ದರೆ ಅಜೆಲಾಯಿಕ್ ಆಸಿಡ್ ನಿಧಾನವಾಗಿ ಕೆಲಸ ಮಾಡುತ್ತದೆ. ವಿಟಮಿನ್ ಎ ರೂಪವಾದ ರೆಟಿನಾಲ್ ಸದ್ಯಕ್ಕೆ ಬೇಡ, ಬಸಿರಿಯರಿಗಂತೂ ಬೇಡವೇ ಬೇಡ. ಯಾವುದೇ ಹೊಸ ವಸ್ತುವನ್ನು ಮೊದಲು ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಗಲ ಜಾಗಕ್ಕೆ ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ ನೋಡಿ, ಏನೂ ಆಗದಿದ್ದರೆ ಮಾತ್ರ ಮುಖಕ್ಕೆ.

ಬ್ಲೀಚಿನಲ್ಲಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಅಮೋನಿಯಾ. ಸವೆದ ಚರ್ಮಕ್ಕೆ ಅದು ಸುಟ್ಟ ಗಾಯವನ್ನೇ ಮಾಡಬಹುದು, ನಮ್ಮಂಥ ಮೈಬಣ್ಣದವರಲ್ಲಿ ಅಂಥ ಗಾಯ ತಿಂಗಳುಗಟ್ಟಲೆ ಕಪ್ಪು ಕಲೆಯಾಗಿ ನಿಲ್ಲುತ್ತದೆ. ಆಮ್ಲ ಹಚ್ಚಿ ಮೇಲ್ಪದರ ಸುಲಿಸುವ ಪೀಲಿಂಗ್ ಮಾಡಿಸಲೇಬೇಕೆಂದಿದ್ದರೆ ಚರ್ಮ ಸುಧಾರಿಸಿದ ಮೇಲೆ ಚರ್ಮವೈದ್ಯರಲ್ಲಿ ಮಾತ್ರ ಮಾಡಿಸಿ, ಗ್ಲೈಕೋಲಿಕ್ ಬದಲು ಲ್ಯಾಕ್ಟಿಕ್ ಅಥವಾ ಮ್ಯಾಂಡಲಿಕ್ ಸಾಧ್ಯವೇ ಎಂದು ಕೇಳಿ. ಅವುಗಳ ಅಣು ದೊಡ್ಡದಾದ್ದರಿಂದ ನಿಧಾನವಾಗಿ ಇಳಿಯುತ್ತವೆ. ಮದುವೆಗೆ ಒಂದು ತಿಂಗಳಿರುವಾಗ ಹೊಸ ಪ್ರಯೋಗ ಯಾವುದೂ ಬೇಡ.

ಮೆಡಿಕಲ್ ಶಾಪಿನ ಕ್ರೀಮಿನ ವಿಷಯದಲ್ಲಿ ನನಗೆ ಆದದ್ದನ್ನು ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಕೆನ್ನೆ ತುರಿಸಿದಾಗ ಅಂಗಡಿಯವರು ಚೀಟಿ ಕೇಳದೆ ಒಂದು ಟ್ಯೂಬ್ ಕೊಟ್ಟರು. ಮೂರೇ ದಿನಕ್ಕೆ ತುರಿಕೆ ನಿಂತು ಮುಖ ಬೆಳ್ಳಗಾಯಿತು, ಸಂತೋಷದಿಂದ ಏಳೆಂಟು ತಿಂಗಳು ಹಚ್ಚಿದೆ. ಬಿಟ್ಟ ವಾರದಲ್ಲೇ ಒಲೆಯ ಮುಂದೆ ನಿಲ್ಲಲಾಗದಷ್ಟು ಉರಿ. ಮೂಗಿನ ಪಕ್ಕದಲ್ಲಿ ಕೆಂಪು ದಾರದಂಥ ರಕ್ತನಾಳಗಳು ಕಾಣಿಸಿಕೊಂಡವು, ಗಲ್ಲದ ಮೇಲೆ ಎಂದೂ ಇಲ್ಲದ ಮೊಡವೆಗಳು ಎದ್ದವು. ಅದರಲ್ಲಿದ್ದದ್ದು ಬೆಟಮೆಥಾಸೋನ್ ಎಂಬ ಸ್ಟೀರಾಯ್ಡ್ ಎಂದು ವೈದ್ಯರು ಓದಿ ಹೇಳಿದರು, ಸರಿಹೋಗಲು ಒಂದು ವರ್ಷ ಹಿಡಿಯಿತು. ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಕೇಂದ್ರ ಸರ್ಕಾರ 2018ರಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ವೈದ್ಯರು ದಿನ ಲೆಕ್ಕ ಹಾಕಿ ಬರೆದುಕೊಟ್ಟರೆ ಅದು ಒಳ್ಳೆಯ ಔಷಧಿಯೇ, ಬೆಳ್ಳಗಾಗಲೆಂದು ಹಚ್ಚುವಂಥದ್ದಲ್ಲ.

ಇನ್ನೊಂದು ವಿಷಯ ಗಮನಿಸಿ. ಕಳೆ ತೆಗೆದ ಮರುದಿನ ರೆಪ್ಪೆ ಮತ್ತು ಕತ್ತಿನ ಮೇಲೂ ದದ್ದು ಏಳುತ್ತಿದ್ದರೆ ಅದು ಗಾಳಿಯಲ್ಲಿ ಹಾರುವ ಕಾಂಗ್ರೆಸ್ ಗಿಡದ ಧೂಳಿನ ಅಲರ್ಜಿಯಾಗಿರಬಹುದು. ಆಗ ಕ್ರೀಮ್ ಬದಲಿಸುತ್ತಾ ಕೂರದೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ ತೋರಿಸಿ.

ಆ ಮೆಡಿಕಲ್ ಕ್ರೀಮನ್ನು ನೀವು ಆಗಲೇ ತಂದಿದ್ದರೆ ಟ್ಯೂಬಿನ ಹಿಂಬದಿಯ ಫೋಟೋ ಇಲ್ಲಿ ಹಾಕಿ. ಬೆಟಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಇವುಗಳಲ್ಲಿ ಯಾವ ಹೆಸರಿದ್ದರೂ ಹಚ್ಚಬೇಡಿ. ಈಗಾಗಲೇ ವಾರಗಟ್ಟಲೆ ಹಚ್ಚಿದ್ದರೆ ಮಾತ್ರ ಒಮ್ಮೆಲೇ ಬಿಡದೆ, ಟ್ಯೂಬನ್ನೂ ಜೊತೆಗೆ ತೆಗೆದುಕೊಂಡು ಈ ವಾರವೇ ಚರ್ಮವೈದ್ಯರನ್ನು ಕಾಣಿರಿ.