ಆಸ್ಕರ್ ಸಿಗದ ಕ್ಲಾಡ್ ರೈನ್ಸ್

ಪ್ರಶ್ನೆ: ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಕಾಣಿಸುವ ಇಂಗ್ಲಿಷ್ ಪೋಷಕ ನಟ ಕ್ಲಾಡ್ ರೈನ್ಸ್ ಅವರಿಗೆ ಆಸ್ಕರ್ ಪ್ರಶಸ್ತಿ ಬಂದಿತ್ತೇ? ಅವರ ವೃತ್ತಿಜೀವನದ ಬಗ್ಗೆ ತಿಳಿಸುವಿರಾ?

ಉತ್ತರ: ಬರಲಿಲ್ಲ. ಪೋಷಕ ನಟರ ವಿಭಾಗದಲ್ಲಿ 4 ಬಾರಿ ನಾಮನಿರ್ದೇಶನಗೊಂಡರೂ ಪ್ರಶಸ್ತಿ ಪ್ರತಿ ಸಲವೂ ಬೇರೆಯವರ ಪಾಲಾಯಿತು. 1889ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೈನ್ಸ್ ಬಾಲ್ಯದಲ್ಲೇ ರಂಗಭೂಮಿಗೆ ಬಂದವರು. ಮೊದಲ ಮಹಾಯುದ್ಧದ ವಿಷಾನಿಲ ದಾಳಿಯಲ್ಲಿ ಒಂದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡ ಮೇಲೂ ರಂಗವನ್ನು ಬಿಡದೆ, ಮುಂದೆ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಾಮಾಟಿಕ್ ಆರ್ಟ್‌ನಲ್ಲಿ ನಂತರ ಹೆಸರಾಂತ ನಟರಾದ ಜಾನ್ ಗೀಲ್‌ಗುಡ್ ಅವರಂಥವರಿಗೆ ಅಭಿನಯ ಕಲಿಸಿದರು.

ಸಿನಿಮಾದಲ್ಲಿ ಹೆಸರಾದದ್ದು ನಲವತ್ತು ದಾಟಿದ ಮೇಲೆ, 1933ರ ‘ದಿ ಇನ್‌ವಿಸಿಬಲ್ ಮ್ಯಾನ್’ ಚಿತ್ರದಿಂದ. ಅದರಲ್ಲಿ ಅವರ ಮುಖ ಕಾಣುವುದು ಕೊನೆಯ ಗಳಿಗೆಯಲ್ಲಿ ಮಾತ್ರ. ಅಲ್ಲಿಯವರೆಗೆ ಧ್ವನಿಯೇ ಬಂಡವಾಳ. ನಮ್ಮ ದೃಷ್ಟಿಯಲ್ಲಿ ಅವರ ಅತ್ಯುತ್ತಮ ಪಾತ್ರವೆಂದರೆ ‘ಕಾಸಾಬ್ಲಾಂಕಾ’ದ ಪೊಲೀಸ್ ಅಧಿಕಾರಿ ರೆನೋ. ಗಾಳಿ ಬಂದತ್ತ ತೂರಿಕೊಳ್ಳುವ ಈ ಲಂಚಕೋರ, ಕೊನೆಯಲ್ಲಿ ‘ವಿಶಿ’ (ನಾಜಿಗಳೊಂದಿಗೆ ಕೈಜೋಡಿಸಿದ್ದ ಅಂದಿನ ಫ್ರೆಂಚ್ ಸರ್ಕಾರಕ್ಕಿದ್ದ ಹೆಸರೂ ಇದೇ) ಎಂಬ ಚೀಟಿಯಿದ್ದ ನೀರಿನ ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿ ಒದೆಯುವಾಗ, ಆತನ ನಿಷ್ಠೆ ಬದಲಾದದ್ದು ಮಾತಿಲ್ಲದೆಯೇ ತಿಳಿಯುತ್ತದೆ. ನಾಟಕರಂಗವಾದರೂ ಅವರನ್ನು ಗೌರವಿಸಿತೆನ್ನಿ: 1951ರಲ್ಲಿ ಟೋನಿ ಪ್ರಶಸ್ತಿ ದೊರೆಯಿತು. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲೂ ನಟಿಸಿದ ಅವರು 1967ರಲ್ಲಿ ನಿಧನರಾದರು.