ಪ್ಯಾಟ್ಸಿ ಕ್ಲೈನ್ ಗ್ರೇಟೆಸ್ಟ್ ಹಿಟ್ಸ್: ಸಿಡಿಯಲ್ಲಿ ಒಂಥರ, ಎಲ್‌ಪಿಯಲ್ಲಿ ಇನ್ನೊಂಥರ ಯಾಕೆ

ಅಮೆರಿಕದ ಕಂಟ್ರಿ ಗಾಯಕಿ ಪ್ಯಾಟ್ಸಿ ಕ್ಲೈನ್ ಅವರ ಗ್ರೇಟೆಸ್ಟ್ ಹಿಟ್ಸ್ ಸಿಡಿಯಲ್ಲಿ 'ಕ್ರೇಜಿ' ಹಾಡೇ ಇಲ್ಲ, 'ವಾಕಿಂಗ್ ಆಫ್ಟರ್ ಮಿಡ್‌ನೈಟ್' ಸಿಡಿಯಲ್ಲೊಂದು ಥರ, ಎಲ್‌ಪಿಯಲ್ಲೊಂದು ಥರ ಕೇಳುತ್ತೆ, ಜತೆಗೆ ಎಲ್‌ಪಿಯ ಕೊನೇ ಹಾಡಲ್ಲಿ ದನಿ ಒಡೆಯುತ್ತೆ, ನಕಲಿ ಮಾಲಾ ಅಂತ ಕೇಳಿದ್ದೀರಿ. ಇಷ್ಟಕ್ಕೇ ನಕಲಿ ಅನ್ನೋಕಾಗಲ್ಲ. ಮೂರಕ್ಕೂ ಬೇರೆ ಬೇರೆ ಕಾರಣ ಇದೆ.

ಮೊದಲು ಹಾಡುಗಳದು. 1960ರವರೆಗೆ ಪ್ಯಾಟ್ಸಿ ಫೋರ್ ಸ್ಟಾರ್ ಕಂಪನಿಯ ಕರಾರಿನಲ್ಲಿ ಹಾಡಿದ್ದು ಐವತ್ತು ಚಿಲ್ಲರೆ ಹಾಡು. ದೊಡ್ಡ ಹಿಟ್ ಆಗಿದ್ದು ಅದರಲ್ಲಿ 'ವಾಕಿಂಗ್' ಒಂದೇ. ಈ ಟೇಪುಗಳು ಕಂಡಕಂಡ ರೆಕಾರ್ಡ್ ಕಂಪನಿಗಳ ಕೈಗೆ ಹೋದವು. ಅಗ್ಗದ 'ಹಿಟ್ಸ್' ಸಿಡಿಗಳಲ್ಲಿ ಬಹುಪಾಲು ತುಂಬಿರೋದು ಇವೇ. 'ಐ ಫಾಲ್ ಟು ಪೀಸಸ್', 'ಕ್ರೇಜಿ', 'ಶೀಸ್ ಗಾಟ್ ಯು' ಎಲ್ಲ ಆಮೇಲೆ ಡೆಕ್ಕಾ ಕಂಪನಿಗೆ, ನಿರ್ಮಾಪಕ ಓವೆನ್ ಬ್ರಾಡ್ಲಿ ಕೈಯಲ್ಲಿ ಆದವು. ನಿಮಗೆ ಬೇಕಾದ ಆಲ್ಬಂ 1967ರಲ್ಲಿ ಡೆಕ್ಕಾ ತಂದ 12 ಹಾಡಿನದು: ಮೋನೊ ಡಿಎಲ್ 4854, ಸ್ಟೀರಿಯೊ ಡಿಎಲ್ 74854. ಆಮೇಲೆ ಎಂಸಿಎ ಹೆಸರಲ್ಲಿ ಬಂದಿರೋದೂ ಅದೇ. ಕೊಳ್ಳೋ ಮುಂಚೆ ಹಿಂದಿನ ಕವರ್ ಓದಿ. 'ಕ್ರೇಜಿ' ಜತೆಗೆ 'ಸ್ವೀಟ್ ಡ್ರೀಮ್ಸ್', 'ಫೇಡೆಡ್ ಲವ್' ಕೂಡ ಇರಬೇಕು. ಇವೆರಡೂ 1963ರ ಫೆಬ್ರವರಿಯ ರೆಕಾರ್ಡಿಂಗ್, ಮಾರ್ಚ್ 5ಕ್ಕೆ ವಿಮಾನ ಅಪಘಾತದಲ್ಲಿ ಪ್ಯಾಟ್ಸಿ ತೀರಿಕೊಂಡರು. ಯುರೋಪಿನಲ್ಲಿ 1962ರವರೆಗಿನ ರೆಕಾರ್ಡುಗಳ ಹಕ್ಕು ಮುಗಿದಿದೆ, 1963ರದ್ದು ಮುಗಿದಿಲ್ಲ. ಅದಕ್ಕೇ ಅಲ್ಲಿನ ಅಗ್ಗದ ಪ್ರತಿಗಳಲ್ಲಿ ಇವೆರಡು ಸಾಮಾನ್ಯವಾಗಿ ಇರಲ್ಲ.

'ವಾಕಿಂಗ್' ಎರಡು ಸಲ ರೆಕಾರ್ಡ್ ಆಗಿದೆ. 1956ರದ್ದು ಮೋನೊ, ಸ್ಟೀಲ್ ಗಿಟಾರ್ ಮುಂದೆ ನಿಂತು ಅಳುತ್ತೆ. 1961ರದ್ದರಲ್ಲಿ ಜೋರ್ಡನೇರ್ಸ್ ಅನ್ನೋ ಗಾಯಕರ ತಂಡದ ಕೋರಸ್ ಇದೆ. ಡೆಕ್ಕಾ ಆಲ್ಬಂನಲ್ಲಿರೋದು ಎರಡನೇದು. ದನಿ ಮಾಗಿದ ಕಾಲದ್ದು, ನಿಜ. ಆದ್ರೂ ಮೊದಲಿನದರ ಹುರುಪೇ ಬೇರೆ, ಆ ಸಿಡಿ ಎಸೆಯಬೇಡಿ.

ಇನ್ನು ದನಿ ಒಡೆಯೋದು. ಪ್ಲೇಟಿನ ಹೊರ ಅಂಚಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂ.ಮೀ. ಗೀರು (ಹಾಡು ಕೆತ್ತಿರೋ ಸಾಲು) ಸಾಗುತ್ತೆ, ಒಳಗೆ ಬಂದಾಗ ಬರೀ 21. ಅಷ್ಟೇ ದನಿ ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ಇಕ್ಕಟ್ಟಾಗಿ ಕೂತಿರುತ್ತೆ. ಸೂಜಿ ಸ್ವಲ್ಪ ಓರೆ ಇದ್ರೂ ಅಲ್ಲೇ ಗೊತ್ತಾಗೋದು, ಅದರಲ್ಲೂ ಪ್ಯಾಟ್ಸಿ ಥರ ತುಂಬು ಕಂಠದಲ್ಲಿ ದನಿ ಎತ್ತುವಾಗ. ಮೊದಲನೇ ಬದಿಯ ಕೊನೇ ಹಾಡು 'ಸ್ಟ್ರೇಂಜ್' ಹಾಕಿ ನೋಡಿ. ಅದೂ ಒಡೆದರೆ, ಹೊರಗಿನ ಹಾಡು ಚೆನ್ನಾಗಿದ್ದರೆ, ಮೊದಲ ಅನುಮಾನ ಸೂಜಿ ಕೂತ ಕೋನ, ಅಂದ್ರೆ ಅಲೈನ್‌ಮೆಂಟ್ ಮೇಲೆ. ಎಲ್ಲ ಹಾಡೂ ಒಡೆದರೆ ಸೂಜಿ ಸವೆದಿದೆ ಅಥವಾ ಕಸ ಕಟ್ಟಿದೆ.

ಸೂಜಿಯನ್ನ ಹಿಂದಿನಿಂದ ಮುಂದಕ್ಕೆ ಮಾತ್ರ ಬ್ರಷ್ ಮಾಡಿ. ಆಂಟಿ‌ಸ್ಕೇಟ್ (ಸೂಜಿಯ ತೋಳು ಒಳಗೆ ಜಾರದಂತೆ ತಡೆಯೋ ತಿರುಪು) ಸೊನ್ನೆಗಿಟ್ಟು, ತೋಳು ಗಾಳಿಯಲ್ಲಿ ಸಮ ತೇಲೋ ಹಾಗೆ ಹಿಂದಿನ ತೂಕ ತಿರುಗಿಸಿ. ಅಲ್ಲಿ ಡಯಲ್ ಸೊನ್ನೆ ಮಾಡಿ, ಆಮೇಲೆ ಭಾರ ಕೊಡಿ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜಿಗೆ (ತೋಳಿನ ತುದಿಯಲ್ಲಿ ಸೂಜಿ ಕೂತಿರೋ ಡಬ್ಬಿ) 2 ಗ್ರಾಂ ಹತ್ತಿರ, ಕಂಪನಿ ಹೇಳಿದ ಮಿತಿಯ ಮೇಲಿನ ಅರ್ಧ. ಪ್ಲೇಟ್ ಉಳಿಸ್ತೀವಿ ಅಂತ ಭಾರ ತೀರಾ ಕಮ್ಮಿ ಮಾಡೋರಿದ್ದಾರೆ. ಸೂಜಿ ಹಿಡಿತ ತಪ್ಪಿ ಗೀರಿನ ಗೋಡೆಗೆ ಕುಟ್ಟುತ್ತೆ, ಆ ಗಾಯ ಮಾಯಲ್ಲ. ಕೊನೆಗೆ ಪ್ರೊಟ್ರಾಕ್ಟರ್ (ಕೋನ ನೋಡೋ ಗೆರೆಹಾಳೆ) ಇಟ್ಟು, ಪ್ಲೇಟಿನ ನಡುವಿನಿಂದ 66 ಮತ್ತು 121 ಮಿ.ಮೀ. ಎರಡೂ ಬಿಂದುವಲ್ಲಿ ಕಾರ್ಟ್ರಿಡ್ಜ್ ಗೆರೆಗೆ ಸರಿಯಾಗಿ ಕೂರೋವರೆಗೆ ಸರಿಸಿ, ಭಾರ ಇನ್ನೊಮ್ಮೆ ನೋಡಿ, ಆಂಟಿ‌ಸ್ಕೇಟನ್ನ ಅದೇ ಅಂಕಿಗೆ ತನ್ನಿ.

ಇಷ್ಟಾದ ಮೇಲೂ ಒಡೆದರೆ ಪ್ಲೇಟನ್ನ ಬಲ್ಬಿನ ಕೆಳಗೆ ಓರೆ ಹಿಡಿದು ನೋಡಿ. ಕೊನೆಯ ಅರ್ಧ ಇಂಚು ಕಪ್ಪು ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಹಳೇ ಸೆರಾಮಿಕ್ ಪ್ಲೇಯರ್‌ಗಳ 5–6 ಗ್ರಾಂ ಭಾರ ಅದನ್ನ ತಿಂದಿದೆ. ಎಷ್ಟು ತೊಳೆದರೂ ಅದು ವಾಪಸ್ ಬರಲ್ಲ, ಬೇರೆ ಪ್ರತಿ ಹುಡುಕಬೇಕು.

ಕರಾವಳಿ, ಮಲೆನಾಡಿನ ಕಡೆಯಿಂದ ಬಂದ ಪ್ಲೇಟಾದರೆ ಬೂಷ್ಟು ಇರಬಹುದು. ತೊಳೆಯೋಕೆ ಹೀಗೆ ಬೆರೆಸಿ: ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಒಂದೇ ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಲೇಬಲ್ ನೆನೆಸದೆ ಗೀರಿನ ಗುಂಟ ಒರೆಸಿ, ಬರೀ ಡಿಸ್ಟಿಲ್ಡ್ ವಾಟರಲ್ಲಿ ಇನ್ನೊಮ್ಮೆ. ನಿಮಿಷಕ್ಕೆ 78 ಸುತ್ತು ತಿರುಗೋ ಹಳೇ ಅರಗಿನ ಪ್ಲೇಟಿಗೆ ಇದು ಬೇಡವೇ ಬೇಡ, ಆಲ್ಕೊಹಾಲಿಗೆ ಅರಗು ಕರಗುತ್ತೆ.