ದುಡ್ಡು ಕಟ್ಟಿ ತರುವ ಪ್ರಶಸ್ತಿ

ಓದುಗರ ಪತ್ರ: ‘ತೀರ್ಥಹಳ್ಳಿ ತಾಲ್ಲೂಕಿನ ಆರೋಗ್ಯ ಉಪಕೇಂದ್ರವೊಂದರಲ್ಲಿ 11 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಾಡಿನ ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಸೀಸನ್ ಬಂದರೆ ಸೊಪ್ಪಿಗೆ, ತರಗೆಲೆಗೆ ಹೋಗುವ ಹೆಂಗಸರಿಗೆ ತಿಳಿಹೇಳುತ್ತೇನೆ. ಯಾವ ಮನೆಯಲ್ಲಿ ಜ್ವರ, ಎಲ್ಲಿ ಮಂಗ ಸತ್ತಿತ್ತು ಎಂದೆಲ್ಲ ಎರಡು ನೋಟ್‌ಬುಕ್ ತುಂಬಿದೆ. ಮೊನ್ನೆ ಒಂದು ಫೋನ್ ಬಂತು. ರಾಷ್ಟ್ರೀಯ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿಗೆ 15,000 ರೂಪಾಯಿ ಕಟ್ಟಿ ಅಂದರು. ಕಟ್ಟಬಹುದಾ? ನಮ್ಮಂಥವರಿಗೆ ನಿಜವಾದ ಪ್ರಶಸ್ತಿ, ಅನುದಾನ, ತರಬೇತಿ ಎಲ್ಲಿ ಸಿಗುತ್ತದೆ?’

ಸಂಪಾದಕರ ಉತ್ತರ: ಇಲಾಖೆ ನಿಮ್ಮ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂದು ಉದ್ದದ ಹೆಸರಿಟ್ಟಿದೆ. ಊರವರ ಬಾಯಲ್ಲಿ ನೀವು ಸಿಸ್ಟರೇ. ನಾನೂ ಹಾಗೇ ಕರೆಯುತ್ತೇನೆ, ಬೇಜಾರಿಲ್ಲ ತಾನೆ?

ಸಿಸ್ಟರ್, ಆ ದುಡ್ಡು ಕಟ್ಟಬೇಡಿ. ನೀವು ಅರ್ಜಿಯನ್ನೇ ಹಾಕಿಲ್ಲ, ನಿಮ್ಮ ಕೆಲಸವನ್ನು ಯಾರೂ ಬಂದು ನೋಡಿಲ್ಲ. ಆಯ್ಕೆ ಮಾಡಿದವರು ಯಾರು? ಮತ್ತೆ ಫೋನ್ ಬಂದರೆ ‘ಪ್ರಶಸ್ತಿಯ ಹಣದಲ್ಲೇ ಆ 15,000 ಹಿಡ್ಕೊಳ್ಳಿ’ ಅನ್ನಿ. ಆಚೆಯಿಂದ ಮಾತು ನಿಲ್ಲುತ್ತದೆ.

ಈ ವಿಷಯದಲ್ಲಿ ನಾನೂ ಎಡವಿದವನೇ. ಕೆಲವು ವರ್ಷದ ಹಿಂದೆ ಒಬ್ಬರಿಗೆ ‘ಗೌರವ ಡಾಕ್ಟರೇಟ್’ ಬಂತೆಂದು ಫೋಟೋ ಸಮೇತ ಛಾಪಿಸಿದ್ದೆ. ಅದು ದುಡ್ಡು ಕೊಟ್ಟು ತಂದದ್ದೆಂದು ಆಮೇಲೆ ತಿಳಿಯಿತು. ಡಾಕ್ಟರೇಟ್ ಕೊಡುವ ಅಧಿಕಾರ ವಿಶ್ವವಿದ್ಯಾಲಯಕ್ಕೆ ಮತ್ತು ಕಾನೂನು ಅಧಿಕಾರ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಎಂಬ ಸಾಮಾನ್ಯ ಸಂಗತಿಯನ್ನೂ ನಾನು ನೋಡಿರಲಿಲ್ಲ. ಅಂದಿನಿಂದ ಶಾಲು, ಪೇಟದ ಫೋಟೋ ಬಂದರೆ ಮೊದಲು ಸಂಶಯವೇ ಬರುತ್ತದೆ.

ಇನ್ನೊಂದು ಮಾತು. ನೀವು ಸರ್ಕಾರಿ ನೌಕರರು. ಖಾಸಗಿಯವರ ಸನ್ಮಾನಕ್ಕೆ ಒಪ್ಪುವ ಮುಂಚೆ ಮೇಲಿನವರ ಅನುಮತಿ ಪಡೆಯಬೇಕು. ಇದು ನಿಜವಾದ ಪ್ರಶಸ್ತಿಗೂ ಅನ್ವಯಿಸುತ್ತದೆ, ಮರೆಯಬೇಡಿ.

ಹಾಗಾದರೆ ನಿಜವಾದದ್ದು ಯಾವುದು? ನಿಮಗೆ ಹತ್ತಿರದ್ದು ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ. ಕೇಂದ್ರ ಆರೋಗ್ಯ ಸಚಿವಾಲಯ 1973ರಲ್ಲಿ ಶುರು ಮಾಡಿದ್ದು. ದೊಡ್ಡಾಸ್ಪತ್ರೆಯ ನರ್ಸ್‌ಗಳಿಗೆ ಮಾತ್ರ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಹಳ್ಳಿಯ ಎಎನ್‌ಎಂಗಳಿಗೂ, ಅಂದರೆ ನಿಮ್ಮಂಥ ಸಿಸ್ಟರ್‌ಗಳಿಗೂ ಅದು ಇದೆ. ಹೆಸರು ರಾಜ್ಯದ ಮೂಲಕ ಹೋಗಬೇಕು. ಆದ್ದರಿಂದ ಮೊದಲು ನಿಮ್ಮ ವೈದ್ಯಾಧಿಕಾರಿಯ ಹತ್ತಿರ ಮಾತಾಡಿ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ. ನಿಮ್ಮ ಅಕ್ಕಪಕ್ಕದ ಶಾಲೆಯ ಮೇಷ್ಟ್ರಿಗೂ ಹೇಳಿ: ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಗೆ ಈಗ ತಾವೇ ಹೆಸರು ಕೊಡಬಹುದು. ಪದ್ಮ ಪ್ರಶಸ್ತಿಗೂ ಅಷ್ಟೇ. ಅಲ್ಲಿ ಮಾಡಿದ ಕೆಲಸವನ್ನು 800 ಪದದೊಳಗೆ ಹೇಳಬೇಕು.

ಆ 800 ಪದದಲ್ಲೇ ನಮ್ಮ ಜನ ಸೋಲುವುದು. ‘ನಿಸ್ವಾರ್ಥ ಸೇವೆ’, ‘ಅಪಾರ ಕೊಡುಗೆ’ ಅಂತ ತುಂಬಿಸುತ್ತಾರೆ. ಓದುವವರಿಗೆ ಏನೂ ಕಾಣುವುದಿಲ್ಲ. ನಿಮ್ಮ ಹತ್ತಿರ ನೋಟ್‌ಬುಕ್ ಇದೆಯಲ್ಲ, ಅದಕ್ಕಿಂತ ಬೇರೆ ಬೇಕಾ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಈ ರೋಗ ಗೊತ್ತಾದದ್ದೂ ಮಂಗಗಳು ಸಾಯುತ್ತಿರುವುದನ್ನು ಗಮನಿಸಿದ್ದರಿಂದಲೇ. ಮಂಗ ಸತ್ತ ಜಾಗ, ತಾರೀಕು, ಆಮೇಲೆ ಯಾವ ಕೇರಿಯಲ್ಲಿ ಜ್ವರ ಬಂತು, ಉಣುಗು ಕಚ್ಚದಂತೆ ಡೇಪಾ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗಲು ಎಷ್ಟು ಮನೆಯವರು ಒಪ್ಪಿದರು, ಒಪ್ಪದವರು ಏನಂದರು, ಇದನ್ನೇ ಬರೆಯಿರಿ. ‘ವಾಸನೆ, ಉರಿ’ ಅಂತ ಆ ಎಣ್ಣೆಯ ಬಾಟಲಿಯನ್ನು ಮೂಲೆಗಿಟ್ಟ ಅಜ್ಜಿಯ ಕಥೆ ಹತ್ತು ವಿಶೇಷಣಗಳಿಗಿಂತ ಜಾಸ್ತಿ ಹೇಳುತ್ತದೆ. ರೋಗಿಗಳ ಹೆಸರು ಮಾತ್ರ ಎಲ್ಲೂ ಬರಬಾರದು.

ಅನುದಾನದ ವಿಷಯ ಸ್ವಲ್ಪ ಬೇರೆ. ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟು ಇದಕ್ಕೆ ಖರ್ಚು ಮಾಡಬೇಕು. ಆದರೆ ಅದು ನಿಮ್ಮ ಕೈಗೆ ನೇರ ಬರುವುದಿಲ್ಲ. ಕಂಪನಿ ಹೊರಗಿನವರ ಮೂಲಕ ಕೆಲಸ ಮಾಡಿಸಿದರೆ ಅದು ನೋಂದಾಯಿತ ಸಂಸ್ಥೆಯಾಗಿರಬೇಕು, 2021ರಿಂದ ಸಿಎಸ್‌ಆರ್-1 ನೋಂದಣಿಯೂ ಆಗಿರಬೇಕು. ಇದಕ್ಕಾಗಿ ಹೊಸ ಟ್ರಸ್ಟ್ ಕಟ್ಟಲು ಹೋಗಬೇಡಿ. ಲೆಕ್ಕಪತ್ರ, ಆಡಿಟ್‌ನಲ್ಲೇ ನಿಮ್ಮ ಭಾನುವಾರಗಳೆಲ್ಲ ಕಳೆದುಹೋಗುತ್ತವೆ. ಈಗಾಗಲೇ ಇರುವ ನಂಬಿಕೆಯ ಸಂಸ್ಥೆಯ ಜೊತೆ ಸೇರಿಕೊಳ್ಳಿ.

ಅದಕ್ಕೂ ಮುಂಚೆ ಮನೆ ಬಾಗಿಲಲ್ಲಿರುವುದನ್ನು ನೋಡಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿಯ ಅವಕಾಶವಿದೆ. ಚಿಕ್ಕ ಹಣ, ನಿಜ. ಆದರೂ ಉಣುಗಿನ ಚಿತ್ರವಿರುವ ನಾಲ್ಕು ಬೋರ್ಡ್ ಬರೆಸಿ ಸೊಪ್ಪಿನ ಬೆಟ್ಟದ ದಾರಿಯಲ್ಲಿ ನೆಡಲು ಬೇರೆಯವರನ್ನು ಕೇಳಬೇಕಾಗಿಲ್ಲ. ಸಭೆಯಲ್ಲಿಟ್ಟು ಠರಾವು ಮಾಡಿಸಿ.

ತರಬೇತಿಗೆ ನಾನು ಎಲ್ಲಕ್ಕಿಂತ ಜಾಸ್ತಿ ಬೆಲೆ ಕೊಡುತ್ತೇನೆ. ಐಗಾಟ್ ಕರ್ಮಯೋಗಿ ಪೋರ್ಟಲ್‌ನಲ್ಲಿ ಸರ್ಕಾರಿ ನೌಕರರಿಗೆ ಉಚಿತ ಕೋರ್ಸ್‌ಗಳಿವೆ. ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ ನರ್ಸ್‌ಗಳಿಗೆ ಮಾನಸಿಕ ಆರೋಗ್ಯದ ತರಬೇತಿಯನ್ನು ಆನ್‌ಲೈನ್‌ನಲ್ಲೇ ಕೊಡುತ್ತದೆ. ಜ್ವರದ ಮನೆಗೆ ಹೋದಾಗ ಅಲ್ಲಿ ಕಾಣುವುದು ಬರೀ ಜ್ವರವಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮ ಮಗಳೋ ತಂಗಿಯೋ ಡಿಗ್ರಿ ಮುಗಿಸಿದ್ದರೆ ಎಸ್‌ಬಿಐ ಯೂತ್ ಫಾರ್ ಇಂಡಿಯಾ ಫೆಲೋಶಿಪ್ ನೋಡಲಿ. 13 ತಿಂಗಳು ಹಳ್ಳಿಯಲ್ಲಿದ್ದು ಮಾಡುವ ಕೆಲಸ.

ಪ್ರಶಸ್ತಿ ತಡವಾದರೆ ಬೇಸರ ಬೇಡ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಹುಟ್ಟಿದ್ದು 1949ರಲ್ಲಿ, ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಬಂದದ್ದು 1991ರಲ್ಲಿ. ಆ 42 ವರ್ಷ ಅಲ್ಲಿ ಏನೇನಾಯಿತು ಅಂತ ನಮ್ಮ ಜಿಲ್ಲೆಯವರಿಗೆ ಗೊತ್ತೇ ಇದೆ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಆ ಎರಡು ನೋಟ್‌ಬುಕ್ಕನ್ನೂ ತೀರ್ಥಹಳ್ಳಿಗೆ ಬಂದಾಗ ಜೆರಾಕ್ಸ್ ಮಾಡಿಸಿ, ಪ್ರತಿಗಳನ್ನು ಬೇರೆ ಕಡೆ ಇಡಿ. ನಮ್ಮ ಮಳೆಗಾಲದಲ್ಲಿ ಕಬ್ಬಿಣದ ಬೀರುವಿನೊಳಗಿನ ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ.